ಪೆಟ್ಟಿಗೆಗೆ ಬಣ್ಣ ಬಳಿಯುವ ಮುಂಚೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಜೇನುಪೆಟ್ಟಿಗೆಗೆ ಏನು ಬಳಿಯಬೇಕು, ಮಳೆಗೆ ಅದು ತಡೆಯುವಂತೆ ಏನು ಮಾಡಬೇಕು ಅಂತ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತಳ್ಳಿ ಇದೊಂದನ್ನೇ ಎತ್ತಿಕೊಂಡಿದ್ದೇನೆ. ಬೇರೆ ವಿಷಯ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ಬಡಗಿಯ ಹತ್ತಿರ ಹೊಸದಾಗಿ ನಾಲ್ಕು ಪೆಟ್ಟಿಗೆ ಮಾಡಿಸಿದ್ದೇನೆ. ಒಳಗೂ ಹೊರಗೂ ಬಣ್ಣ ಹೊಡೆದರೆ ಜಾಸ್ತಿ ವರ್ಷ ಬಾಳಿಕೆ ಬರುತ್ತದೆ ಅನ್ನುತ್ತಾರೆ ಅವರು. ಹೊಡೆಯಲಾ? ಹೊಡೆದರೆ ಯಾವ ಬಣ್ಣ?

ಉತ್ತರ: ಒಳಗೆ ಬೇಡ. ಬಡಗಿ ಹೇಳಿದ್ದು ಕಿಟಕಿಗೆ ಸರಿ, ಬಾಗಿಲಿಗೂ ಸರಿ. ಅವಕ್ಕೆ ನೀರು ಬರುವುದು ಹೊರಗಿನಿಂದ ಮಾತ್ರ. ಜೇನುಪೆಟ್ಟಿಗೆಗೆ ಎರಡೂ ಕಡೆಯಿಂದ ಬರುತ್ತದೆ. ಒಳಗೆ ಸಾವಿರಾರು ಜೇನುನೊಣ ಉಸಿರಾಡುತ್ತಿರುತ್ತವೆ, ಜೊತೆಗೆ ಮಕರಂದ ಆರಿಸುತ್ತಿರುತ್ತವೆ. ಹೂವಿನಿಂದ ತಂದ ಮಕರಂದದಲ್ಲಿ ಎಷ್ಟೋ ಸಲ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಅದನ್ನು ರೆಕ್ಕೆ ಬೀಸಿ ಬೀಸಿ ಶೇಕಡ 20ರ ಆಸುಪಾಸಿಗೆ ಇಳಿಸಿದ ಮೇಲೆಯೇ ಅದು ಜೇನುತುಪ್ಪ. ಆ ನೀರೆಲ್ಲ ಎಲ್ಲಿಗೆ ಹೋಗಬೇಕು ಹೇಳಿ? ಆವಿಯಾಗಿ ಪೆಟ್ಟಿಗೆಯೊಳಗೆ ಸುತ್ತುತ್ತಿರುತ್ತದೆ. ಬರಿ ಮರವಾದರೆ ಅದರಲ್ಲಿ ಒಂದಷ್ಟು ಹೀರಿಕೊಂಡು, ಹೊತ್ತು ಏರಿದಾಗ ನಿಧಾನವಾಗಿ ಬಿಟ್ಟುಕೊಡುತ್ತದೆ. ಒಳಗೋಡೆಗೂ ಬಣ್ಣ ಬಳಿದುಬಿಟ್ಟರೆ ಆವಿ ಅಲ್ಲೇ ಹನಿ ಕಟ್ಟಿ ಇಳಿಯುತ್ತದೆ, ಮೂಲೆಯ ಎರಿಗೆ, ಅಂದರೆ ಮೇಣದ ಗೂಡಿಗೆ, ಬೂಸ್ಟು ಹಿಡಿಯುತ್ತದೆ.

ಇನ್ನೊಂದು ವಿಷಯ. ನೀವು ಸಾಕುವುದು ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು ಆದರೆ ಒಳಗೆ ಬಣ್ಣ ಬಳಿಯುವ ಕೆಲಸ ಅವೇ ಮಾಡಿಕೊಳ್ಳುತ್ತವೆ. ಮರಗಳಿಂದ ರಾಳ ತಂದು ಪ್ರೊಪೊಲಿಸ್ ಎಂಬ ಅಂಟು ಮಾಡಿ ಗೋಡೆಗೆಲ್ಲ ತೆಳ್ಳಗೆ ಮೆತ್ತುತ್ತವೆ. ಅದು ಸೂಕ್ಷ್ಮಜೀವಿಗಳನ್ನೂ ತಡೆಯುತ್ತದೆ. ಗೋಡೆ ಸ್ವಲ್ಪ ಒರಟಾಗಿದ್ದರೆ ಇನ್ನೂ ಚೆನ್ನಾಗಿ ಮೆತ್ತುತ್ತವೆ, ಹಾಗಾಗಿ ಒಳಗೆ ಕೀಸಿ ಕೀಸಿ ಕನ್ನಡಿ ಮಾಡುವುದು ಬೇಡ. ನಮ್ಮ ನಾಡಿನ ತುಡುವೆ ಜೇನು ಈ ಅಂಟಿನ ಗೋಜಿಗೆ ಹೋಗುವುದಿಲ್ಲ. ಅದಕ್ಕೂ ಒಳಗೆ ಬರಿ ಮರವೇ ಸಾಕು.

ಹೊರಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಮಲ್ಶನ್, ಎಕ್ಸ್‌ಟೀರಿಯರ್ ಅಂತ ಡಬ್ಬದ ಮೇಲೆ ಬರೆದಿರುವಂಥದ್ದು. ಒಂದು ಕೋಟ್ ಮರದ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ. ಡಬ್ಬದ ಮೇಲೆ ಕೀಟ ಬರದಂತೆ ತಡೆಯುತ್ತದೆ, ಸೊಳ್ಳೆ ಓಡಿಸುತ್ತದೆ ಅಂತ ಏನಾದರೂ ಇದ್ದರೆ ಅಲ್ಲೇ ಇಟ್ಟು ಬನ್ನಿ. ಸಾಕುತ್ತಿರುವುದೇ ಕೀಟ ಅಲ್ವಾ?

ಬಣ್ಣ ಮುಟ್ಟಿದರೆ ಅಂಟುವುದಿಲ್ಲ ಅನ್ನುವುದಕ್ಕೂ ಒಳಗಿನವರೆಗೆ ಗಟ್ಟಿಯಾಗಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಒಂದೆರಡು ಗಂಟೆಯಲ್ಲಿ ಕೈಗೆ ಅಂಟುವುದು ನಿಲ್ಲುತ್ತದೆ, ವಾಸನೆ ಹೋಗುವುದಕ್ಕೆ ಒಂದೆರಡು ವಾರ ಬೇಕು. ಪೆಟ್ಟಿಗೆಯನ್ನು ಗಾಳಿಯಾಡುವ ಜಾಗದಲ್ಲಿ ಮುಚ್ಚಳ ತೆಗೆದು ಇಡಿ. ಆಮೇಲೆ ಒಳಗೆ ತಲೆ ಹಾಕಿ ಮೂಸಿ ನೋಡಿ. ನಿಮ್ಮ ಮೂಗಿಗೆ ವಾಸನೆ ಬಂದರೆ ನೊಣಕ್ಕೆ ಅದು ಎಷ್ಟೋ ಪಾಲು ಜಾಸ್ತಿ.

ಒಂದು ಕೋಣೆಯ ಮೇಲೆ ಇನ್ನೊಂದು ಕೂರುವ ಅಂಚಿಗೆ ಬಣ್ಣ ತಾಗಿಸಬೇಡಿ. ಎರಿ ಕಟ್ಟುವ ಮರದ ಚೌಕಟ್ಟಿನ, ಅಂದರೆ ಫ್ರೇಮಿನ ಕಿವಿ ಕೂರುವ ಮೆಟ್ಟಿಲಿಗೂ ಬೇಡ. ಬಣ್ಣಕ್ಕೆ ಬಣ್ಣ ಬಿಸಿಲಲ್ಲಿ ಕಚ್ಚಿಕೊಂಡರೆ ಕೋಣೆ ಬಿಡಿಸುವಾಗ ಟಪ್ ಅಂತ ಸದ್ದಾಗಿ ಇಡೀ ಪೆಟ್ಟಿಗೆ ಅಲುಗುತ್ತದೆ, ಆಮೇಲೆ ನೊಣಗಳ ಜೊತೆ ಮಾತುಕತೆ ಕಷ್ಟ. ಆ ಅಂಚುಗಳಿಗೆ ಜೇನುಮೇಣದ ತುಂಡನ್ನು ಸೋಪಿನ ಹಾಗೆ ಉಜ್ಜಿಬಿಡಿ, ಅಷ್ಟೇ ಸಾಕು.

ಪ್ರಶ್ನೆ: ಕಳೆದ ವರ್ಷ ಒಳ್ಳೆ ಎನಾಮೆಲ್ ಪೇಂಟನ್ನೇ ಮೂರು ಕೋಟ್ ಹೊಡೆದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಗುಳ್ಳೆ ಎದ್ದಿದೆ, ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ. ಪೇಂಟ್ ಕಲಬೆರಕೆಯಾ?

ಉತ್ತರ: ಪೇಂಟಿನ ತಪ್ಪು ಇರಲಿಕ್ಕಿಲ್ಲ. ಒಂದು ಗುಳ್ಳೆಗೆ ಸೂಜಿ ಚುಚ್ಚಿ ನೋಡಿ. ಒಳಗಿಂದ ನೀರಿನ ಹನಿ ಬಂದರೆ ಅದು ಮಳೆಯ ನೀರಲ್ಲ, ಜೇನಿನ ಉಸಿರು.

ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಹಾಕಿ. ಜೇನುತುಪ್ಪದಲ್ಲಿ ಸುಮಾರು ಶೇಕಡ 18 ನೀರು, ಉಳಿದದ್ದು ಹೆಚ್ಚುಕಡಿಮೆ ಸಕ್ಕರೆ. ನೊಣಗಳು ಮೈ ಬಿಸಿ ಮಾಡಿಕೊಳ್ಳಲು ಆ ಸಕ್ಕರೆ ಸುಟ್ಟಾಗ ಪ್ರತಿ 100 ಗ್ರಾಮ್ ಸಕ್ಕರೆಯಿಂದ 60 ಗ್ರಾಮಿನಷ್ಟು ನೀರು ಹುಟ್ಟುತ್ತದೆ. ಅಂದರೆ ಒಂದು ಕಿಲೋ ಜೇನು ತಿಂದರೆ ಸುಮಾರು ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ನೀರು ಆವಿಯಾಗಿ ಹೊರಬರುತ್ತದೆ. ಜಡಿಮಳೆಯಲ್ಲಿ ನೊಣ ಹೊರಗೆ ಹೋಗದೆ ಕೂತು ತಿನ್ನುವಾಗ ಇದೆಲ್ಲ ಪೆಟ್ಟಿಗೆಯೊಳಗೇ. ಆವಿ ಮರದೊಳಗೆ ನುಗ್ಗಿ ಹೊರಮೈ ತನಕ ಬರುತ್ತದೆ, ಅಲ್ಲಿ ನಿಮ್ಮ ಮೂರು ಕೋಟ್ ಎನಾಮೆಲ್ ಗೋಡೆಯ ಹಾಗೆ ನಿಂತಿರುತ್ತದೆ. ಬಿಸಿಲು ಬಿದ್ದಾಗ ಆವಿ ಉಬ್ಬಿ ಅದನ್ನು ಎತ್ತಿಬಿಡುತ್ತದೆ. ಎಣ್ಣೆ ಬಣ್ಣ ಆವಿ ಬಿಡುವುದು ಬಹಳ ಕಡಿಮೆ. ಅಕ್ರಿಲಿಕ್ ಎಮಲ್ಶನ್ ಮಳೆನೀರನ್ನು ತಡೆದರೂ ಆವಿಯನ್ನು ಒಂದಷ್ಟು ಹೊರಗೆ ಬಿಡುತ್ತದೆ, ಮೇಲಿನ ಉತ್ತರದಲ್ಲಿ ಅದನ್ನೇ ಹೇಳಿದ್ದಕ್ಕೆ ಕಾರಣ ಇದು.

ಈಗ ಮಾಡಬೇಕಾದದ್ದು: ಎದ್ದಿರುವುದನ್ನೆಲ್ಲ ಕೆರೆದು ತೆಗೆಯಿರಿ, ಮರ ಒಣಗಲು ಬಿಡಿ, ಆಮೇಲೆ ಎಮಲ್ಶನ್. ಒಣಗುವುದಕ್ಕೆ ಅವಸರ ಮಾಡಿದರೆ ಮತ್ತೆ ಅದೇ ಗುಳ್ಳೆ. ಮಳೆ ನಿಂತ ಮಾರನೇ ದಿನ ಮರ ನೋಡಲು ಒಣಗಿದ ಹಾಗಿರುತ್ತದೆ, ಒಳಗೆ ಹಸಿ. ಪೆಟ್ಟಿಗೆ ತೀರಾ ಹಳೆಯದಾಗಿದ್ದು, ಯಾವ ಕಾಲದ ಬಣ್ಣವೋ ಗೊತ್ತಿಲ್ಲದಿದ್ದರೆ ಅದರಲ್ಲಿ ಸೀಸ ಇದ್ದೀತು. ಅಂಥದ್ದಕ್ಕೆ ಒಣ ಸ್ಯಾಂಡ್‌ಪೇಪರ್ ಹಾಕಿ ಧೂಳು ಎಬ್ಬಿಸಬೇಡಿ, ನೀರು ಹಚ್ಚಿ ಉಜ್ಜಿ, ಬಾಯಿ ಮೂಗಿಗೆ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಇರಬಾರದು. ಜೊತೆಗೆ ಒಳಮುಚ್ಚಳದಲ್ಲಿ ಸಣ್ಣದೊಂದು ಗಾಳಿಕಿಂಡಿ ಇದೆಯಾ ನೋಡಿ. ಎಷ್ಟೋ ಜನ ಚಳಿ ಅಂತ ಅದನ್ನು ಮುಚ್ಚಿರುತ್ತಾರೆ, ಆಮೇಲೆ ಬಣ್ಣವನ್ನು ಬೈಯುತ್ತಾರೆ.

ಪ್ರಶ್ನೆ: ಗೋಡೆಗಳೆಲ್ಲ ಗಟ್ಟಿಯಾಗಿವೆ, ಮೂಲೆಗಳು ಮಾತ್ರ ಕೊಳೆಯುತ್ತವೆ. ಎರಡು ವರ್ಷಕ್ಕೊಮ್ಮೆ ಮೂಲೆ ಬಿಚ್ಚಿಕೊಳ್ಳುತ್ತದೆ. ಯಾಕೆ ಹೀಗೆ?

ಉತ್ತರ: ಇದು ಈ ತಿಂಗಳ ಒಳ್ಳೆಯ ಪ್ರಶ್ನೆ. ಮರವನ್ನು ನೀರು ಕುಡಿಯುವ ಕೊಳವೆಗಳ ಕಟ್ಟು ಅಂದುಕೊಳ್ಳಿ, ಅದು ಬದುಕಿದ್ದಾಗ ಮಾಡುತ್ತಿದ್ದುದೂ ಅದೇ ಕೆಲಸ. ಹಲಗೆಯ ಅಗಲದ ಮೈಯಿಂದ ನೀರು ಒಳಗೆ ಹೋಗಲು ಒದ್ದಾಡಬೇಕು. ಗರಗಸದಿಂದ ಅಡ್ಡ ಕೊಯ್ದ ತುದಿಯಲ್ಲಿ ಕೊಳವೆಗಳ ಬಾಯಿ ತೆರೆದೇ ಇರುತ್ತದೆ, ಅಲ್ಲಿಂದ ನೀರು ಹತ್ತು ಪಟ್ಟಿಗೂ ಜಾಸ್ತಿ ವೇಗದಲ್ಲಿ ಒಳಗೆ ಹೋಗುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡು ಮಾಡಿರುತ್ತಾರಲ್ಲ, ನೋಡಲು ಚೆಂದ, ಗಟ್ಟಿಯೂ ಹೌದು. ಆದರೆ ಅಲ್ಲಿ ಕೊಯ್ದ ತುದಿಗಳೆಲ್ಲ ಹೊರಕ್ಕೆ ಮುಖ ಮಾಡಿ ಮಳೆಗೆ ಬಾಯಿ ತೆರೆದು ನಿಂತಿರುತ್ತವೆ.

ಪರೀಕ್ಷೆ ಸುಲಭ. ಒಂದು ಹನಿ ನೀರನ್ನು ಹಲಗೆಯ ಮಧ್ಯ ಬಿಡಿ, ಇನ್ನೊಂದನ್ನು ಮೂಲೆಯ ಕೊಯ್ದ ತುದಿಯ ಮೇಲೆ ಬಿಡಿ. ಮೊದಲನೆಯದು ಮುತ್ತಿನ ಹಾಗೆ ಕೂತಿರುವಾಗಲೇ ಎರಡನೆಯದು ಕಪ್ಪು ಕಲೆಯಾಗಿ ಹರಡಿ ಮಾಯವಾಗಿರುತ್ತದೆ.

ಹಾಗಾಗಿ ಇಡೀ ಪೆಟ್ಟಿಗೆಗೆ ಹೊಡೆಯುವ ಮೊದಲು ಆ ತುದಿಗಳಿಗೇ ಬೇರೆಯಾಗಿ ಸಮಯ ಕೊಡಿ. ಪ್ರೈಮರನ್ನು ಸ್ವಲ್ಪ ತೆಳು ಮಾಡಿ ಬ್ರಷ್ಷನ್ನು ಒತ್ತಿ ಒತ್ತಿ ಕುಡಿಸಿ. ಕುಡಿದುಬಿಡುತ್ತದೆ, ಮತ್ತೆ ಕುಡಿಸಿ. ಸಾಕು ಅನ್ನುವ ತನಕ, ಅಂದರೆ ಮೇಲೆ ಹೊಳಪು ನಿಲ್ಲುವ ತನಕ. ನಾನು ಮೂರು ಸಲ ಹೊಡೆಯುತ್ತೇನೆ. ಆಮೇಲೆ ಉಳಿದ ಮೈಗೆ ಪ್ರೈಮರ್. ಇನ್ನೂ ಒಳ್ಳೆಯದು ಅಂದರೆ ಕೂಡಿಸುವ ಮುಂಚೆಯೇ ಬೆರಳುಗಳ ಸಂದಿಗೆಲ್ಲ ನೀರಿಗೆ ಬಿಡದ ಮರದ ಅಂಟು ಪೂರ್ತಿ ಮೆತ್ತುವುದು, ಬರಿ ಮೊಳೆ ನಂಬಿಕೊಂಡು ಕೂರಿಸುವುದಲ್ಲ. ಮೊಳೆ ತಲೆ ಸ್ವಲ್ಪ ಒಳಗಿಳಿಸಿ ಪುಟ್ಟಿ ತುಂಬಿ. ತುಕ್ಕು ಹಿಡಿದ ಮೊಳೆಯ ಸುತ್ತ ಮರ ಕಪ್ಪಾಗಿ ಮೆತ್ತಗಾಗುವುದನ್ನು ನೀವು ನೋಡಿಯೇ ಇರುತ್ತೀರಿ.

ಮರದಲ್ಲಿ ಗಂಟು ಇದ್ದರೆ ಅದರಿಂದ ರಾಳ ಒಸರಿ ಬಣ್ಣದ ಮೇಲೆ ಹಳದಿ ಕಲೆ ಬರುತ್ತದೆ. ಗಂಟಿಗೆ ಮಾತ್ರ ಅರಗಿನ ಪಾಲಿಶ್ ಒಂದು ಕೈ ಹಚ್ಚಿ, ಆಮೇಲೆ ಪ್ರೈಮರ್. ಅರಗಿನ ಪಾಲಿಶನ್ನೇ ಹೊರಗೆಲ್ಲ ಬಳಿದರೆ ಆಗುತ್ತದಾ ಅಂತ ಒಬ್ಬರು ಹೋದ ವರ್ಷ ಕೇಳಿದ್ದರು. ಆಗುವುದಿಲ್ಲ, ಮಳೆಗೆ ಬೆಳ್ಳಗಾಗಿ ಏಳುತ್ತದೆ.

ಕೊಳೆತಿರುವುದು ಎಷ್ಟು ಅಂತ ನೋಡಲು ದಬ್ಬಳದಿಂದ ಚುಚ್ಚಿ. ತುದಿ ಮಾತ್ರ ಹೋದರೆ ಮರ ಗಟ್ಟಿ ಇದೆ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ಹಲಗೆಯನ್ನು ಬದಲಾಯಿಸಿ, ಮೇಲೆ ಬಣ್ಣ ಹೊಡೆದು ಮುಚ್ಚಿಡಬೇಡಿ.

ಪ್ರಶ್ನೆ: ರಾಸಾಯನಿಕ ಬಣ್ಣ ಇಷ್ಟವಿಲ್ಲ. ಅಗಸೆ ಎಣ್ಣೆ ಮತ್ತು ಜೇನುಮೇಣ ಬೆರೆಸಿ ಹಚ್ಚಿದರೆ ಹೇಗೆ? ಕಾಯಿಸಿದ ಮೇಣದಲ್ಲಿ ಪೆಟ್ಟಿಗೆಯನ್ನೇ ಅದ್ದುತ್ತಾರಂತೆ, ಮನೆಯಲ್ಲಿ ಮಾಡಬಹುದಾ?

ಉತ್ತರ: ಮೊದಲನೆಯದು ಆಗುತ್ತದೆ. ಮರದ ಬಣ್ಣವೂ ಕಾಣುತ್ತದೆ, ಆವಿಯೂ ಹೊರಗೆ ಹೋಗುತ್ತದೆ, ಸಿಪ್ಪೆ ಏಳುವ ಮಾತೇ ಇಲ್ಲ. ಆದರೆ ವರ್ಷಕ್ಕೊಮ್ಮೆ ಮತ್ತೆ ಹಚ್ಚುವ ಕೆಲಸ ನಿಮ್ಮದು. ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಧೂಳು ಅಂಟಿ ಕಪ್ಪು ಬೂಸ್ಟು ಹಿಡಿದರೂ ಹಿಡಿಯಿತು. ಕುದಿಸಿದ ಅಗಸೆ ಎಣ್ಣೆ ಅಂತ ಮಾರುವುದು ಬೇಗ ಒಣಗುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸಿರುತ್ತಾರೆ. ರಾಸಾಯನಿಕ ಬೇಡ ಅಂತ ಹೊರಟವರು ಇದನ್ನು ತಿಳಿದಿರಲಿ. ಹೊರಮೈಗೆ ಮಾತ್ರ ಹಚ್ಚಿ, ಪೂರ್ತಿ ಒಣಗಿದ ಮೇಲೆ ನೊಣ ಬಿಡಿ.

ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿಗೆ ಹೋಗಲು ದಾರಿ ಇರುವುದಿಲ್ಲ, ಯಾರೂ ಕಡ್ಡಿ ಗೀರದೆ ಬಟ್ಟೆಗೆ ಬೆಂಕಿ ಹತ್ತುತ್ತದೆ. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಎರಡನೆಯದು ಮನೆಯಲ್ಲಿ ಬೇಡ. ಪ್ಯಾರಾಫಿನ್ ಮೇಣವನ್ನು ಒಂದೊಂದು ಕಡೆ ರಾಳ ಸೇರಿಸಿ ಸುಮಾರು 160 ಡಿಗ್ರಿಗೆ ಕಾಯಿಸಿ, ಅದರಲ್ಲಿ ಪೆಟ್ಟಿಗೆಯನ್ನು 10 ನಿಮಿಷ ಮುಳುಗಿಸುತ್ತಾರೆ. ಮರದೊಳಗಿನ ನೀರು ಗುಳ್ಳೆಗುಳ್ಳೆಯಾಗಿ ಹೊರಬಂದು ಆ ಜಾಗಕ್ಕೆ ಮೇಣ ಹೋಗಿ ಕೂರುತ್ತದೆ. ಅಮೆರಿಕನ್ ಫೌಲ್‌ಬ್ರೂಡ್ ಎಂಬ ಮರಿಹುಳುಗಳ ರೋಗದ ಬೀಜಕಗಳು ಕೂಡ ಇದರಲ್ಲಿ ಸಾಯುತ್ತವೆ, ಅವು ಇಲ್ಲದಿದ್ದರೆ ಮರದಲ್ಲಿ ದಶಕಗಟ್ಟಲೆ ಜೀವ ಹಿಡಿದು ಕೂತಿರುತ್ತವೆ. ಕೆಲಸ ಒಳ್ಳೆಯದೇ. ಆದರೆ ಒದ್ದೆ ಮರ ಇಳಿಸಿದರೆ ಮೇಣ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ, ಕೆಳಗೆ ಉರಿ ಇದ್ದರೆ ಮುಂದಿನದನ್ನು ನಾನು ಹೇಳಬೇಕಿಲ್ಲ. ದೊಡ್ಡ ತೊಟ್ಟಿ, ಉಷ್ಣಮಾಪಕ, ಬೆಂಕಿ ಆರಿಸುವ ಸಾಧನ, ಅನುಭವ ಇರುವವರು, ಇಷ್ಟೂ ಇದ್ದ ಕಡೆ ಕೊಟ್ಟು ಮಾಡಿಸಿ. ಅಂದಹಾಗೆ ಮೇಣದಲ್ಲಿ ಅದ್ದಿ ತಣ್ಣಗಾದ ಪೆಟ್ಟಿಗೆಗೆ ಆಮೇಲೆ ಬಣ್ಣ ಹಿಡಿಯುವುದು ಕಷ್ಟ. ಬಣ್ಣ ಬೇಕಿದ್ದರೆ ಪೆಟ್ಟಿಗೆ ಬಿಸಿಯಿರುವಾಗಲೇ ಹೊಡೆಯಬೇಕು.

ಪ್ರಶ್ನೆ: ಪೆಟ್ಟಿಗೆಯ ಕಾಲಿಗೆ ಗೆದ್ದಲು ಹತ್ತಿದೆ. ಗೆದ್ದಲು ಔಷಧ ಬಳಿದು ಮೇಲೆ ಬಣ್ಣ ಹೊಡೆದರೆ ಸಾಕಲ್ವಾ?

ಉತ್ತರ: ಬೇಡ. ದಯವಿಟ್ಟು ಬೇಡ. ಇದನ್ನು ನಾನು ಹಣ ಕೊಟ್ಟು ಕಲಿತಿದ್ದೇನೆ. ಶುರುವಿನ ವರ್ಷಗಳಲ್ಲಿ ಒಂದು ಕಡೆಯಿಂದ ಹಲಗೆ ತಂದು ಪೆಟ್ಟಿಗೆ ಮಾಡಿಸಿದೆ. ಒಳ್ಳೆ ಒಣಗಿದ ಮರ, ಕಡಿಮೆಗೆ ಸಿಕ್ಕಿತು ಅಂತ ಖುಷಿ. ಒಂಥರಾ ವಾಸನೆ ಇತ್ತು, ಮರದ್ದೇ ಇರಬೇಕು ಅಂದುಕೊಂಡೆ. ಸಂಜೆ ಜೇನು ಕುಟುಂಬವನ್ನು ಅದಕ್ಕೆ ಇಳಿಸಿದೆ. ಬೆಳಗ್ಗೆ ಹೋಗಿ ನೋಡಿದರೆ ಬಾಗಿಲ ಮುಂದೆ ನೊಣಗಳು ಬೆನ್ನು ಕೆಳಗಾಗಿ ಗಿರಗಿರ ಸುತ್ತುತ್ತಿದ್ದವು, ಸತ್ತವುಗಳ ನಾಲಿಗೆ ಹೊರಗೆ ಚಾಚಿತ್ತು. ಒಳಗೆ ಅಡಿಮಣೆಯ ಮೇಲೆ ಎರಡು ಬೆರಳು ದಪ್ಪ ಸತ್ತ ನೊಣ. ಹಲಗೆಗೆ ಗೆದ್ದಲು ಔಷಧ ಹೊಡೆದಿದ್ದೆವು ಅಂತ ಆಮೇಲೆ ಕೇಳಿದಾಗ ಹೇಳಿದರು. ಮೊದಲೇ ಕೇಳದಿದ್ದುದು ನನ್ನ ತಪ್ಪು.

ಗೆದ್ದಲಿಗೆ ಬಳಸುವ ಸೈಪರ್‌ಮೆಥ್ರಿನ್, ಕ್ಲೋರ್‌ಪೈರಿಫಾಸ್ ಮುಂತಾದವು ಜೇನಿಗೂ ಕಡು ವಿಷ. ಗೆದ್ದಲೂ ಕೀಟ, ಜೇನೂ ಕೀಟ, ಔಷಧಕ್ಕೆ ಭೇದ ಗೊತ್ತಿಲ್ಲ. ಮೇಲೆ ಬಣ್ಣ ಹೊಡೆದರೆ ಅದು ಒಳಗೋಡೆ ಕಡೆಗೆ ಬರುವುದು ನಿಲ್ಲುವುದಿಲ್ಲ, ಮೇಣವಂತೂ ಇಂಥದ್ದನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ. ಮರ ಕೆಡದಂತೆ ಹಾಕುವ ರಾಸಾಯನಿಕಗಳ ಬಗ್ಗೆ 1984ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಗಿತ್ತು. ಪೆಂಟಾಕ್ಲೋರೋಫಿನಾಲ್, ಆರ್ಸೆನಿಕ್ ಬೆರೆತ ಸಿಸಿಎ ಇವೆರಡೂ ಪೆಟ್ಟಿಗೆಗೆ ಆಗಿಬರುವುದಿಲ್ಲ ಅಂತ ಅದರಲ್ಲಿ ಕಂಡುಬಂತು, ಕಾಪರ್ ನ್ಯಾಫ್ತನೇಟ್‌ನಿಂದ ಅಷ್ಟು ತೊಂದರೆ ಕಾಣಲಿಲ್ಲ. ಹಾಗಂತ ಅದನ್ನೂ ನಾನು ಪೆಟ್ಟಿಗೆಗೆ ಹಚ್ಚುವುದಿಲ್ಲ, ಬೇಕಾದರೆ ಸ್ಟ್ಯಾಂಡಿನ ಕಾಲಿಗೆ ಸಾಕು.

ನಿಮ್ಮ ತೊಂದರೆಗೆ ಔಷಧವೇ ಬೇಕಿಲ್ಲ. ಮರದ ಕಾಲು ತೆಗೆದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ. ಇರುವೆಯೂ ಹತ್ತುವುದಿಲ್ಲ. ಬಟ್ಟಲಿನ ನೀರು ಒಣಗದಂತೆ ನೋಡಿಕೊಳ್ಳಿ, ಪೆಟ್ಟಿಗೆಗೆ ತಾಗುವ ಹುಲ್ಲನ್ನು ಕತ್ತರಿಸುತ್ತಾ ಇರಿ, ಒಂದು ಹುಲ್ಲುಕಡ್ಡಿ ಸಾಕು ಅವಕ್ಕೆ ಸೇತುವೆಗೆ.

ಪ್ರಶ್ನೆ: ಎಂಟು ಪೆಟ್ಟಿಗೆಗೆ ಮಗಳು ಕೆಂಪು ಬಣ್ಣ ಹೊಡೆಯೋಣ ಅನ್ನುತ್ತಾಳೆ. ಬಿಳಿಯೇ ಹೊಡೆಯಬೇಕು ಅಂತ ನಾನು. ಯಾರು ಸರಿ?

ಉತ್ತರ: ಇಬ್ಬರೂ ಅರ್ಧರ್ಧ. ಜೇನಿಗೆ ಬಣ್ಣ ಕಾಣುತ್ತದೆ ಅಂತ 1914ರಲ್ಲಿ ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್ ಸಾಬೀತು ಮಾಡಿದರು. ಬೂದು ಕಾಗದಗಳ ನಡುವೆ ಒಂದು ನೀಲಿ ಕಾಗದ ಇಟ್ಟು ಅಲ್ಲಿ ಮಾತ್ರ ಸಕ್ಕರೆ ನೀರು ಕೊಟ್ಟು ಕಲಿಸಿದರೆ, ಆಮೇಲೆ ಸಕ್ಕರೆ ಇಲ್ಲದಿದ್ದರೂ ನೊಣ ನೀಲಿಯನ್ನೇ ಹುಡುಕಿಕೊಂಡು ಬರುತ್ತಿತ್ತು. ಅವರಿಗೆ 1973ರಲ್ಲಿ ನೊಬೆಲ್ ಬಂತು. ಆದರೆ ಜೇನಿನ ಕಣ್ಣಿಗೆ ಕೆಂಪು ಕಾಣುವುದಿಲ್ಲ, ಅದು ಕಪ್ಪಿನ ಹಾಗೆ. ನಮಗೆ ಕಾಣದ ಅಲ್ಟ್ರಾವಯಲೆಟ್ ಅದಕ್ಕೆ ಕಾಣುತ್ತದೆ. ಹಾಗಾಗಿ ಮಗಳ ಕೆಂಪು ಪೆಟ್ಟಿಗೆ ನೊಣಕ್ಕೆ ಕಪ್ಪು ಪೆಟ್ಟಿಗೆ, ಬಿಸಿಲಲ್ಲಿ ಕಾಯುವುದೂ ಜಾಸ್ತಿ. ಮರಿಗಳಿರುವ ಕಡೆ 34–35 ಡಿಗ್ರಿ ಕಾಪಾಡಬೇಕು ನೊಣ, ಗೋಡೆ ಕಾದರೆ ಮಕರಂದ ತರುವುದು ಬಿಟ್ಟು ನೀರು ತಂದು ತಂಪು ಮಾಡುವುದೇ ಕೆಲಸವಾಗುತ್ತದೆ. ಬಿಸಿಲು ಜಾಸ್ತಿ ಇರುವ ಕಡೆ ತಿಳಿ ಬಣ್ಣವೇ ಸರಿ.

ಹಾಗಂತ ಎಂಟಕ್ಕೂ ಒಂದೇ ಬಿಳಿ ಬಳಿದು ಸಾಲಾಗಿ ಇಟ್ಟರೆ ನೊಣ ಮನೆ ತಪ್ಪುತ್ತದೆ. ಸಾಲಿನ ನಡುವಿನ ಪೆಟ್ಟಿಗೆಯವು ತುದಿಯ ಪೆಟ್ಟಿಗೆಗೆ ಹೋಗಿ ಸೇರುತ್ತವೆ, ನಡುವಿನವು ಬಡವಾಗುತ್ತವೆ, ರೋಗವೂ ವರೋವಾ ಉಣ್ಣೆಯೂ ಹಾಗೇ ಮನೆಯಿಂದ ಮನೆಗೆ ಹೋಗುತ್ತವೆ. ಹಾಗಾಗಿ ಮೈಗೆಲ್ಲ ತಿಳಿ ಬಣ್ಣ ಹೊಡೆದು ಬಾಗಿಲ ಮೇಲ್ಗಡೆ ಬೇರೆ ಬೇರೆ ಗುರುತು ಹಾಕಿ. ಒಂದಕ್ಕೆ ನೀಲಿ ಪಟ್ಟೆ, ಪಕ್ಕದ್ದಕ್ಕೆ ಹಳದಿ ನಕ್ಷತ್ರ, ಅದರಾಚೆಯದಕ್ಕೆ ಕಪ್ಪು ಗೆರೆ. ಆ ಕೆಲಸ ಪೂರ್ತಿ ಮಗಳಿಗೆ ಬಿಡಿ.

ಪ್ರಶ್ನೆ: ನೊಣ ಒಳಗಿರುವಾಗಲೇ ಬಣ್ಣ ಹೊಡೆಯಬಹುದಾ?

ಉತ್ತರ: ಹೊಡೆದವರಿದ್ದಾರೆ, ಬಣ್ಣದಲ್ಲಿ ಅಂಟಿದ ನೊಣಗಳನ್ನು ಒಂದೊಂದಾಗಿ ಬಿಡಿಸಿದವರೂ ಅವರೇ. ಒಂದು ಖಾಲಿ ಪೆಟ್ಟಿಗೆ ಹೆಚ್ಚಿಗೆ ಇಟ್ಟುಕೊಳ್ಳಿ. ಫ್ರೇಮುಗಳನ್ನು ಅದಕ್ಕೆ ವರ್ಗ ಮಾಡಿ ಅದೇ ಜಾಗದಲ್ಲಿ ಇಡಿ, ಹಳೆಯದನ್ನು ಕೆರೆದು ಬಳಿದು ಒಣಗಿಸಿ ಮುಂದಿನ ಕುಟುಂಬಕ್ಕೆ ಕೊಡಿ. ಹೀಗೆ ಸರದಿ ಮೇಲೆ ಎಲ್ಲವೂ ಮುಗಿಯುತ್ತವೆ.

ಪ್ರಶ್ನೆ: ತೇಗದ ಪೆಟ್ಟಿಗೆ. ಬಣ್ಣ ಬೇಕಾ?

ಉತ್ತರ: ಪೂರ್ತಿ ತಿರುಳಿನ ಮರವೇ ಆದರೆ ಬೇಕಿಲ್ಲ, ಬೂದು ಬಣ್ಣಕ್ಕೆ ತಿರುಗಿ ಹಾಗೇ ಬಾಳುತ್ತದೆ. ಹೊರಪದರದ ಬೆಳ್ಳನೆ ಭಾಗ ಸೇರಿದ್ದರೆ ಅದಕ್ಕೆ ತೇಗ ಅನ್ನುವ ಹೆಸರು ಮಾತ್ರ, ಗುಣ ಇಲ್ಲ. ಬಳಿಯುವುದಾದರೆ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ, ಅದರ ಮೈಯ ಎಣ್ಣೆಗೆ ಬಣ್ಣ ಹಿಡಿಯುವುದಿಲ್ಲ.

ಪ್ರಶ್ನೆ: ಹಳೆ ಎಂಜಿನ್ ಆಯಿಲ್ ಹಚ್ಚಿದರೆ?

ಉತ್ತರ: ಆ ಜೇನುತುಪ್ಪವನ್ನು ನೀವು ತಿನ್ನುತ್ತೀರಾ? ಬೇಡ. ಡಾಂಬರೂ ಬೇಡ.

ಪ್ರಶ್ನೆ: ನೀವು ಹೇಳಿದ ಹಾಗೇ ಬಳಿದಿದ್ದೇನೆ, ಆದರೂ ಮಳೆಯಲ್ಲಿ ಅಡಿಮಣೆ ಮೇಲೆ ನೀರು ನಿಲ್ಲುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಸಲಾ?

ಉತ್ತರ: ಇಡೀ ಪೆಟ್ಟಿಗೆಗೆ ಸುತ್ತಿದರೆ ಮತ್ತೆ ಅದೇ ಆವಿಯ ಕಥೆ. ಮೊದಲು ಪೆಟ್ಟಿಗೆ ಹೇಗೆ ಕೂತಿದೆ ನೋಡಿ. ಸಮತಟ್ಟಾಗಿ, ಇಲ್ಲವೇ ಹಿಂದಕ್ಕೆ ವಾಲಿ ಕೂತಿದ್ದರೆ ಬಾಗಿಲಿನಿಂದ ಹೊಡೆದ ಇರುಚಲು ಒಳಗೇ ನಿಲ್ಲುತ್ತದೆ. ಹಿಂದಿನ ಎರಡು ಕಾಲಿನ ಕೆಳಗೆ ಬೆರಳು ದಪ್ಪದ ಚಕ್ಕೆ ಕೊಡಿ, ಮುಂದಕ್ಕೆ ಚೂರು ಬಾಗಿದರೆ ನೀರು ಬಾಗಿಲಿನಿಂದಲೇ ಇಳಿದುಹೋಗುತ್ತದೆ. ಆಮೇಲೆ ಮುಚ್ಚಳ. ಮರದ ಮುಚ್ಚಳಕ್ಕೆ ಎಷ್ಟು ಬಣ್ಣ ಹೊಡೆದರೂ ಮಳೆ ಬಿಸಿಲು ಎರಡೂ ನೇರ ಬೀಳುವುದು ಅದರ ಮೇಲೆಯೇ, ಅದಕ್ಕೆ ತಗಡು ಹೊದಿಸಿ. ತಗಡು ನಾಲ್ಕೂ ಕಡೆ ಎರಡು ಬೆರಳು ಹೊರಗೆ ಚಾಚಿರಲಿ. ಮುಚ್ಚಳದ ಅಂಚಿನ ಕೆಳಮೈಯಲ್ಲಿ ಉದ್ದಕ್ಕೆ ಒಂದು ಗೀರು ಕೊರೆಸಿ, ಹೊರಗಿಂದ ಹರಿದು ಬಂದ ನೀರು ಆ ಗೀರನ್ನು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆ ಹಿಡಿದು ಇಳಿಯುವುದಿಲ್ಲ. ಅಡಿಮಣೆಯ ಕೆಳಮೈಗೆ ಬಣ್ಣ ಹೊಡೆದಿದ್ದೀರಾ? ಹೆಚ್ಚಿನವರು ಕಾಣುವುದಿಲ್ಲ ಅಂತ ಬಿಟ್ಟಿರುತ್ತಾರೆ. ನೆಲದ ತೇವ ಮೊದಲು ಮುಟ್ಟುವುದು ಅದನ್ನೇ, ಒಂದು ಸಲ ಪೆಟ್ಟಿಗೆ ಎತ್ತಿ ನೋಡಿ.